ದಾಕ್ಷಿಣ್ಯದ ‘ಸರಿ’ ಮತ್ತು ಪೆಟ್ಟಿಗೆಯೊಳಗಿನ ದೈತ್ಯ

ಪ್ರಶ್ನೆ: ನಾಲ್ಕು ವರ್ಷದಿಂದ ವಾರ್‌ಹ್ಯಾಮರ್ 40,000 (ಪುಟ್ಟ ಸೈನಿಕರು, ಯಂತ್ರಗಳ ಮಾಡೆಲ್‌ಗಳನ್ನು ಮೇಜಿನ ಮೇಲಿಟ್ಟು ದಾಳ ಹಾಕಿ ಆಡುವ ಯುದ್ಧದಾಟ) ಆಡುತ್ತಿದ್ದೇನೆ. ಎರಡು ತಿಂಗಳು ಕೂತು ರೆಸಿನ್‌ನ (ಎರಕ ಹೊಯ್ದ ಗಟ್ಟಿ ರಾಳದ) ಒಂದು ದೊಡ್ಡ ಯುದ್ಧಯಂತ್ರವನ್ನು ಜೋಡಿಸಿ ಬಣ್ಣ ಹಚ್ಚಿದೆ. ಕಾಯಂ ಎದುರಾಳಿಯಾದ ಗೆಳೆಯನೊಡನೆ ಆಡಲು ಹೋದಾಗ ಅದನ್ನು ಮೇಜಿನ ಮೇಲಿಟ್ಟು ‘ಇದನ್ನ ಇವತ್ತು ಆಡಿಸಬಹುದಾ?’ ಅಂತ ಕೇಳಿದೆ. ‘ಸರಿ, ಇಡು’ ಅಂದ. ಎರಡನೇ ಸುತ್ತಿನ ಹೊತ್ತಿಗೆ ಮುಖ ಗಂಟಿಕ್ಕಿಕೊಂಡಿದ್ದ. ಆಟ ಮುಗಿದ ಮೇಲೆ ‘ಇಂಥದ್ದೆಲ್ಲ ತರೋದಾದರೆ...’ ಅಂತ ಅರ್ಧಕ್ಕೇ ಮಾತು ನಿಲ್ಲಿಸಿದ. ನಿಯಮದ ಪ್ರಕಾರ ಅಡ್ಡಿಯಿಲ್ಲ, ಪಾಯಿಂಟ್ಸ್ (ಪ್ರತಿ ಮಾಡೆಲ್‌ನ ಬಲಕ್ಕೆ ತಕ್ಕ ಅಂಕ) ಲೆಕ್ಕವೂ ಸರಿ, ನಾನು ಕೇಳಿಯೂ ಇದ್ದೆ. ತಪ್ಪೆಲ್ಲಿ? ಇನ್ನೊಂದು ವಿಷಯ: ನಮ್ಮ ಗುಂಪಿನ ಒಬ್ಬರು 3ಡಿ ಪ್ರಿಂಟ್ ಮಾಡಿದ ಮಾಡೆಲ್‌ಗಳನ್ನು ತರುತ್ತಾರೆ. ಅದನ್ನು ಹೇಗೆ ನೋಡಬೇಕು?

ಉತ್ತರ: ಕೇಳಿದ್ದು ತಪ್ಪಲ್ಲ, ಕೇಳಿದ ಹೊತ್ತು ತಪ್ಪು. ನೀವು ಬಾಯಿ ತೆರೆಯುವಷ್ಟರಲ್ಲಿ ಎರಡು ತಿಂಗಳ ಶ್ರಮ ಮಿರಮಿರ ಮಿಂಚುತ್ತ ಮೇಜಿನ ಮೇಲೆ ನಿಂತಿತ್ತು. ನಿಮ್ಮ ಗೆಳೆಯನ ಲಿಸ್ಟ್, ಅಂದರೆ ಯಾವ್ಯಾವ ಮಾಡೆಲ್ ಇಳಿಸುವುದೆಂಬ ಪಟ್ಟಿ, ಮನೆಯಲ್ಲೇ ಬರೆದಾಗಿತ್ತು, ಬೇರೆ ಮಾಡೆಲ್‌ಗಳು ಅವನ ಪೆಟ್ಟಿಗೆಯಲ್ಲಿರಲಿಲ್ಲ. ಆ ಸ್ಥಿತಿಯಲ್ಲಿ ‘ಬೇಡ’ ಅನ್ನಲು ಎಂಥ ನಾಲಿಗೆ ಬೇಕು ಹೇಳಿ? ಹಾಗೆ ಅಂದುಬಿಟ್ಟರೆ ಆ ದಿನದ ಆಟವೇ ಕೆಡುತ್ತದೆ, ಮೇಲೆ ಸಣ್ಣ ಮನಸ್ಸಿನವನು ಅನ್ನಿಸಿಕೊಳ್ಳಬೇಕು. ಹಾಗಾಗಿ ದಾಕ್ಷಿಣ್ಯಕ್ಕೆ ಬಿದ್ದು ‘ಸರಿ’ ಅಂದ. ದಾಕ್ಷಿಣ್ಯದಿಂದ ಹುಟ್ಟಿದ ‘ಸರಿ’ಯನ್ನು ನೀವು ಒಪ್ಪಿಗೆ ಅಂತ ಲೆಕ್ಕ ಹಿಡಿದಿರಿ.

ಈ ‘ಎದುರಾಳಿಯ ಅನುಮತಿ’ ಎಂಬ ಮಾತು ನಮ್ಮ ಹವ್ಯಾಸಕ್ಕೆ ಅಂಟಿಕೊಂಡದ್ದಕ್ಕೆ ಒಂದು ಇತಿಹಾಸವಿದೆ. 1998ರಲ್ಲಿ ಬಂದ ವಾರ್‌ಹ್ಯಾಮರ್ 40,000ದ 3ನೇ ಆವೃತ್ತಿಯ ಕೋಡೆಕ್ಸ್‌ಗಳಲ್ಲಿ, ಅಂದರೆ ಒಂದೊಂದು ಸೇನೆಯ ನಿಯಮಪುಸ್ತಕಗಳಲ್ಲಿ, ಹೆಸರಿರುವ ವಿಶೇಷ ಪಾತ್ರಗಳನ್ನು ಇಬ್ಬರೂ ಆಟಗಾರರು ಮೊದಲೇ ಒಪ್ಪಿದ್ದರೆ ಮಾತ್ರ ಇಳಿಸಬೇಕು ಅಂತ ಅಚ್ಚಾಗಿತ್ತು. ಆಟದ ತಯಾರಕ ಕಂಪನಿ ಗೇಮ್ಸ್ ವರ್ಕ್‌ಶಾಪ್‌ನ ಶಾಖೆಯಾದ ಫೋರ್ಜ್ ವರ್ಲ್ಡ್‌ನ ರೆಸಿನ್ ಮಾಡೆಲ್‌ಗಳ ಸುತ್ತಲೂ ಅದೇ ಸಂಪ್ರದಾಯ ಬೆಳೆಯಿತು. ಅವುಗಳ ನಿಯಮ ಸಾಮಾನ್ಯ ಕೋಡೆಕ್ಸ್‌ನಲ್ಲಿ ಇರುತ್ತಿರಲಿಲ್ಲ. ಇಂಪೀರಿಯಲ್ ಆರ್ಮರ್ ಅನ್ನುವ ದಪ್ಪ, ದುಬಾರಿ ಪುಸ್ತಕಗಳಲ್ಲಿ ಇರುತ್ತಿತ್ತು. ಮಾಡೆಲ್ ಕೊಂಡವನು ಪುಸ್ತಕವನ್ನೂ ಕೊಂಡಿರುತ್ತಿದ್ದ. ಎದುರಿಗೆ ನಿಂತವನು ಅದರ ಮುಖಪುಟವನ್ನೂ ಕಂಡಿರುತ್ತಿರಲಿಲ್ಲ. ‘ದುಡ್ಡು ಕೊಟ್ಟು ಗೆಲುವು ಕೊಳ್ಳುತ್ತಾರೆ’ ಎಂಬ ಗೊಣಗಾಟ ಶುರುವಾದದ್ದು ಅಲ್ಲಿಂದ. ನನ್ನನ್ನು ಕೇಳಿದರೆ ಆ ರೆಸಿನ್ ಮಾಡೆಲ್‌ಗಳಲ್ಲಿ ಬಹುಪಾಲು ಕೊಟ್ಟ ಪಾಯಿಂಟ್ಸ್‌ಗೆ ತಕ್ಕ ಕೆಲಸವನ್ನೂ ಮಾಡುತ್ತಿರಲಿಲ್ಲ. ಹೆಸರು ಕೆಡಿಸಿದವು ನಾಲ್ಕೈದು ಇರಬಹುದು. ಆದರೆ ಎದುರಿನವನಿಗೆ ಗೊತ್ತಿಲ್ಲದ ಹಾಳೆಯಿಂದ ನೀವು ಓದಿ ಹೇಳುತ್ತಿದ್ದರೆ ಸಾಧಾರಣ ಯಂತ್ರವೂ ಮೋಸದಂತೆ ಕಾಣುತ್ತದೆ.

ಆಮೇಲೆ ಬೇಲಿಗಳು ಒಂದೊಂದಾಗಿ ಬಿದ್ದವು. 2007ರ ಅಪೊಕ್ಯಾಲಿಪ್ಸ್ ಪುಸ್ತಕ ದೈತ್ಯ ಯಂತ್ರಗಳಿಗೇ ಅಂತ ಬೇರೆ ಬಗೆಯ ಆಟ ಕಟ್ಟಿಕೊಟ್ಟಿತು. 2013ರ ಎಸ್ಕಲೇಷನ್ ಪುಸ್ತಕ ಅದೇ ದೈತ್ಯರನ್ನು ಮಾಮೂಲಿ ಆಟದೊಳಗೆ ಬಿಟ್ಟಿತು. 2014ರಲ್ಲಿ ಇಂಪೀರಿಯಲ್ ನೈಟ್ ಎಂಬ ಎರಡು ಕಾಲಿನ ದೈತ್ಯ ಯಂತ್ರ ಪ್ಲಾಸ್ಟಿಕ್ ಕಿಟ್ ಆಗಿ ಬಂತು, ಅದಕ್ಕೆ ಸ್ವಂತ ಕೋಡೆಕ್ಸ್ ಕೂಡ. ಇವತ್ತು ನಿಯಮಪುಸ್ತಕದಲ್ಲಿ ‘ಅನುಮತಿ ಪಡೆಯಿರಿ’ ಎಂಬ ಸಾಲು ಹುಡುಕಿದರೆ ಸಿಗುವುದಿಲ್ಲ. ‘ನಿಯಮದ ಪ್ರಕಾರ ಅಡ್ಡಿಯಿಲ್ಲ’ ಅನ್ನುವ ನಿಮ್ಮ ಮಾತು ನೂರಕ್ಕೆ ನೂರು ನಿಜ. ಆದರೆ ಆ ಸಾಲು ಮಾಡುತ್ತಿದ್ದ ಒಂದು ಒಳ್ಳೆಯ ಕೆಲಸ ಇತ್ತು: ಆಟಕ್ಕೆ ಮುಂಚೆ ಇಬ್ಬರನ್ನೂ ಮಾತನಾಡಿಸುತ್ತಿತ್ತು. ಸಾಲು ಹೋಯಿತು, ಜೊತೆಗೆ ಮಾತೂ ಹೋಯಿತು.

ನಾನೂ ಇದನ್ನು ಪುಸ್ತಕ ಓದಿ ಕಲಿತವನಲ್ಲ, ಕೆಡಿಸಿಕೊಂಡು ಕಲಿತವನು. 8ನೇ ಆವೃತ್ತಿಯ ಕಾಲ. ಹೊಸದಾಗಿ ಬಣ್ಣ ಹಚ್ಚಿದ ನೈಟ್ ಒಂದನ್ನು ಹೇಳದೆ ಕೇಳದೆ ತಂದು ನಿಲ್ಲಿಸಿದೆ. ಎದುರಿಗಿದ್ದವರು ಆಸ್ಟ್ರಾ ಮಿಲಿಟಾರಮ್ (ಸಾಮಾನ್ಯ ಮನುಷ್ಯ ಸೈನಿಕರ ಸೇನೆ) ಆಡುವವರು, ನನಗಿಂತ ಹಿರಿಯರು. ಅವತ್ತು ಬರೀ ಕಾಲಾಳುಗಳ ಪಡೆ ತಂದಿದ್ದರು, ಸಾಲುಸಾಲು ಸಿಪಾಯಿಗಳು, ಎಲ್ಲರ ಕೈಯಲ್ಲೂ ಲಾಸ್‌ಗನ್ ಎಂಬ ಸಾಧಾರಣ ಬಂದೂಕು. ಮೂರನೇ ಸುತ್ತಿನಲ್ಲಿ ಅವರು ದಾಳ ಕೆಳಗಿಟ್ಟು ಲಿಸ್ಟ್‌ನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಏನೋ ಲೆಕ್ಕ ಹಾಕತೊಡಗಿದರು. ಆ ಹಾಳೆ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಲಾಸ್‌ಗನ್ ಗುರಿ ಮುಟ್ಟಲು 4 ಅಥವಾ ಮೇಲೆ ಬೀಳಬೇಕು: ಎರಡರಲ್ಲಿ ಒಂದು. ನೈಟ್‌ಗೆ ಗಾಯವಾಗಲು 6 ಬೀಳಬೇಕು: ಆರರಲ್ಲಿ ಒಂದು. ಅದರ ಕವಚ 3 ಅಥವಾ ಮೇಲೆ ಬಿದ್ದರೆ ತಡೆಯುತ್ತದೆ, ದಾಟುವುದು ಮೂರರಲ್ಲಿ ಒಂದು. ಮೂರನ್ನೂ ಗುಣಿಸಿದರೆ 36 ಗುಂಡಿಗೆ ಒಂದು ಗಾಯ. ನೈಟ್ ಬೀಳಲು 24 ಗಾಯ ಬೇಕು. ಅಂದರೆ 864 ಗುಂಡು. ಒಂಬತ್ತು ಲಾಸ್‌ಗನ್ ಇರುವ ಒಂದು ಸ್ಕ್ವಾಡ್ ಹತ್ತಿರ ಬಂದು ಎರಡೆರಡು ಗುಂಡು ಹಾರಿಸಿದರೂ ಸುತ್ತಿಗೆ 18, ಅಂದರೆ ಅರ್ಧ ಗಾಯ. ಹಾಳೆಯನ್ನು ನನ್ನ ಕಡೆ ತಿರುಗಿಸಿ, ‘ಇನ್ನು ನಾನು ದಾಳ ಹಾಕಬೇಕಾ, ಸುಮ್ಮನೆ ನೋಡ್ತಾ ಕೂರಲಾ?’ ಅಂದರು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಅದೇ ಹಾಳೆಯಲ್ಲಿ ಇನ್ನೊಂದು ಲೆಕ್ಕ ಮಾಡಿ ನೋಡಿ. ಅದೇ ಪಡೆಯ ಒಂದು ಲಾಸ್‌ಕ್ಯಾನನ್, ಅಂದರೆ ಟ್ಯಾಂಕ್ ಹೊಡೆಯುವ ಗನ್: ಗುರಿಗೆ ಎರಡರಲ್ಲಿ ಒಂದು, ಗಾಯಕ್ಕೆ ಮೂರರಲ್ಲಿ ಎರಡು, ನೈಟ್‌ನ ಅಯಾನ್ ಶೀಲ್ಡ್ ಎಂಬ ಶಕ್ತಿಗುರಾಣಿ ದಾಟಲು ಮೂರರಲ್ಲಿ ಎರಡು, ದಾಟಿದರೆ ಸರಾಸರಿ ಮೂರೂವರೆ ಗಾಯ. ಒಂದು ಲಾಸ್‌ಕ್ಯಾನನ್ ಗುಂಡು ಸರಿಯಾಗಿ 28 ಲಾಸ್‌ಗನ್ ಗುಂಡಿಗೆ ಸಮ. ಅಂಥವು ಆರು ಇದ್ದಿದ್ದರೆ ಐದು ಸುತ್ತಿನಲ್ಲಿ ನೈಟ್ ಮೊಣಕಾಲೂರುವ ಹಂತಕ್ಕೆ ಬರುತ್ತಿತ್ತು. ಅವರ ಮನೆಯಲ್ಲಿ ಲಾಸ್‌ಕ್ಯಾನನ್‌ಗಳು ಬೇಕಾದಷ್ಟಿದ್ದವು. ಎರಡು ದಿನ ಮೊದಲು ನಾನೊಂದು ಮಾತು ಹೇಳಿದ್ದರೆ ಅವೂ ಬರುತ್ತಿದ್ದವು, ಆಟವೂ ಆಗುತ್ತಿತ್ತು. ನನ್ನ ನೈಟ್ ಬಲವಾಗಿದ್ದದ್ದು ಅದರ ನಿಯಮದಿಂದ ಅಷ್ಟಲ್ಲ, ನನ್ನ ಮೌನದಿಂದ. ನಿಮ್ಮ ಗೆಳೆಯನಿಗೆ ಆಗಿರುವುದೂ ಇದೇ ಅಂತ ನನ್ನ ಊಹೆ. ಸೋತದ್ದು ಅವನಿಗೆ ನೋವಲ್ಲ. ತಾನು ಮಾಡುವ ಯಾವುದಕ್ಕೂ ಬೆಲೆಯಿಲ್ಲದ ಮೇಜಿನ ಮುಂದೆ ಮೂರು ಗಂಟೆ ನಿಲ್ಲಬೇಕಾಯಿತಲ್ಲ, ಅದು.

ಹಾಗಾಗಿ ‘ಅನುಮತಿ’ ಎಂಬ ಪದವನ್ನೇ ಬಿಟ್ಟುಬಿಡಿ. ನಿಮ್ಮ ಮೇಲಿರುವ ಋಣ ಅನುಮತಿಯದಲ್ಲ, ಮುನ್ಸೂಚನೆಯದು. ಎದುರಾಳಿ ತನ್ನ ಲಿಸ್ಟ್ ಬರೆಯುವ ಮೊದಲು ಅದು ಅವನ ಕೈ ಸೇರಬೇಕು. ನಾನು ಈಗ ಕಳಿಸುವ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ:

‘ಶನಿವಾರ 2000 ಪಾಯಿಂಟ್ಸ್ ತಾನೆ? ಆ ದೊಡ್ಡ ಯಂತ್ರ ಮುಗೀತು, ಒಂದ್ಸಲ ಆಡಿಸೋ ಆಸೆ. ಟ್ಯಾಂಕ್ ಹೊಡೆಯೋ ಗನ್ ಸ್ವಲ್ಪ ಜಾಸ್ತಿ ತಂದರೆ ನಿನಗೆ ಕಷ್ಟ ಆಗಲ್ಲ. ಹತ್ತಿರ ಬಂದರೆ ಕಾಲಲ್ಲಿ ತುಳಿಯುತ್ತೆ, ದೂರದಲ್ಲಿ ಅಷ್ಟೇನಿಲ್ಲ. ಅದರ ನಿಯಮದ ಹಾಳೆಯ ಫೋಟೋ ಹಾಕಿದ್ದೀನಿ. ಈ ವಾರ ಬೇಡ ಅನ್ನಿಸಿದರೆ ಹೇಳು, ಎರಡನೇ ಲಿಸ್ಟೂ ರೆಡಿ ಇದೆ.’

ಇದರಲ್ಲಿ ಮುಖ್ಯವಾದದ್ದು ಕೊನೆಯ ವಾಕ್ಯ. ಎರಡನೇ ಲಿಸ್ಟ್ ನಿಜವಾಗಿಯೂ ಬರೆದಿಟ್ಟಿರಬೇಕು, ಅದಕ್ಕೆ ಬೇಕಾದ ಮಾಡೆಲ್‌ಗಳು ಪೆಟ್ಟಿಗೆಯಲ್ಲಿರಬೇಕು. ಆಗ ಮಾತ್ರ ‘ಬೇಡ’ ಅನ್ನುವುದು ಎದುರಿನವನಿಗೆ ಸುಲಭ. ಯಾಕೆ ಬೇಡ ಅಂತ ಕಾರಣ ಕೇಳಲು ಹೋಗಬೇಡಿ. ಆಫೀಸಿನಿಂದ ಸುಸ್ತಾಗಿ ಬಂದವನಿಗೆ ಹೊಸ ನಿಯಮ ಓದುವ ಮನಸ್ಸಿಲ್ಲದಿರುವುದೂ ಒಂದು ಕಾರಣವೇ. ಇನ್ನು ಆ ‘ಟ್ಯಾಂಕ್ ಹೊಡೆಯೋ ಗನ್’ ಸಾಲು. ನಿಮ್ಮ ಯಂತ್ರ ಯಾವುದಕ್ಕೆ ಸಾಯುತ್ತದೆ ಅಂತ ನೀವೇ ಹೇಳುವುದು. ಕೆಲವರಿಗೆ ಇದು ಅತಿ ಅನ್ನಿಸುತ್ತದೆ, ತಂತ್ರ ಬಿಟ್ಟುಕೊಟ್ಟ ಹಾಗೆ. ಕೋಡೆಕ್ಸ್‌ನಲ್ಲಿರುವ ಸಾಮಾನ್ಯ ಟ್ಯಾಂಕ್ ವಿಷಯದಲ್ಲಿ ನಾನೂ ಹೇಳುವುದಿಲ್ಲ, ಅದು ಅವರಿಗೂ ಗೊತ್ತಿರುತ್ತದೆ. ಆದರೆ ಅಪರೂಪದ ಮಾಡೆಲ್‌ನ ವಿಷಯದಲ್ಲಿ ಜ್ಞಾನ ಒಂದೇ ಕಡೆ ವಾಲಿರುತ್ತದೆ. ಆ ತಕ್ಕಡಿಯನ್ನು ಸಮ ಮಾಡಿದ ಮೇಲಷ್ಟೇ ತಂತ್ರದ ಮಾತು.

ಮೇಜಿನ ಬಳಿ ಬಂದ ಮೇಲೂ ಇದೇ ಜಾಡು. ನಿಯಮದ ಹಾಳೆಯ ಇನ್ನೊಂದು ಪ್ರತಿ ಎದುರಾಳಿಯ ಕೈಯಲ್ಲಿರಲಿ, ನಿಮ್ಮ ಮೊಬೈಲ್ ತೋರಿಸಿ ವಾಪಸ್ ಕಿಸೆಗೆ ಹಾಕಿಕೊಳ್ಳುವುದು ಸಾಲದು. ವಿಶೇಷ ಸಾಮರ್ಥ್ಯವೊಂದು ಇದೆ, ಎದುರಿನವನು ಅದು ತಿಳಿಯದೆ ತನ್ನ ಪಡೆಯನ್ನು ಬಲೆಯೊಳಗೆ ನಡೆಸುತ್ತಿದ್ದಾನೆ ಅಂತಿಟ್ಟುಕೊಳ್ಳಿ. ಬೆರಳು ಮಾಡೆಲ್ ಮೇಲಿರುವಾಗಲೇ ಹೇಳಿಬಿಡಿ: ‘ಅಲ್ಲಿಟ್ಟರೆ ಇದು ನನ್ನ ಸುತ್ತಿಗೆ ಕಾಯದೆ ಈಗಲೇ ಹೊಡೆಯುತ್ತೆ, ನೋಡ್ಕೋ.’ ಹೇಳದೆ ಕಾದು, ಆಮೇಲೆ ‘ಅಯ್ಯೋ ಗೊತ್ತಿರಲಿಲ್ವಾ?’ ಅನ್ನುವವರು ಎಲ್ಲ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರ ಜೊತೆ ಎರಡನೇ ಸಲ ಆಡುವವರು ಕಡಿಮೆ.

ದೊಡ್ಡ ಮಾಡೆಲ್‌ಗಳಿಗೆ ಮೈಯದೇ ಒಂದು ತಕರಾರು. ಅಳತೆ ಎಲ್ಲಿಂದ? ಬೇಸ್ (ಮಾಡೆಲ್ ನಿಲ್ಲುವ ಅಡಿಬಿಲ್ಲೆ) ಇದ್ದರೆ ಬೇಸ್‌ನ ಅಂಚಿನಿಂದ. ಬೇಸ್ ಇಲ್ಲದ ಟ್ಯಾಂಕ್ ಆದರೆ ಒಡಲಿನಿಂದ. ಹಾಗಾದರೆ ಮುಂದೆ ಚಾಚಿದ ಫಿರಂಗಿಯ ನಳಿಗೆ, ಆ್ಯಂಟೆನಾ, ಬಾವುಟ ಒಡಲಾ ಅಲ್ಲವಾ? ಇದನ್ನು ಮೊದಲ ದಾಳಕ್ಕೆ ಮುಂಚೆ ಒಂದು ನಿಮಿಷದಲ್ಲಿ ತೀರ್ಮಾನಿಸಿಕೊಳ್ಳಬಹುದು. ನಾಲ್ಕನೇ ಸುತ್ತಿನಲ್ಲಿ, ಅರ್ಧ ಇಂಚು ಕಮ್ಮಿ ಬಿದ್ದಾಗ, ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ. ಟೆರೇನ್ ಕೂಡ ನೋಡಿಕೊಳ್ಳಿ. 2000 ಪಾಯಿಂಟ್ಸ್ ಆಟದ ಮೇಜು ಈಗ ಸಾಮಾನ್ಯವಾಗಿ 44 ಇಂಚು ಅಗಲ, 60 ಇಂಚು ಉದ್ದ. ಅದರಲ್ಲಿ ಗೋಡೆ, ಪಾಳುಕಟ್ಟಡಗಳನ್ನು ಒತ್ತೊತ್ತಾಗಿ ಇಟ್ಟರೆ ನಿಮ್ಮ ದೈತ್ಯ ನಿಂತಲ್ಲೇ ನಿಲ್ಲಬೇಕಾಗುತ್ತದೆ. ನಿಮಗೆ ಬೇಕಾದಂತೆ ಸರಿಸಿ ದಾರಿ ಬಿಡಿಸಿದರೆ ಎದುರಿನ ಕಾಲಾಳುಗಳಿಗೆ ಮರೆಯೇ ಇರುವುದಿಲ್ಲ. ಟೆರೇನ್ ಜೋಡಿಸುವ ಕೆಲಸ ಆ ದಿನ ಎದುರಾಳಿಗೆ ಬಿಟ್ಟುಕೊಡುವುದು ನನ್ನ ರೂಢಿ. ಇಳಿಜಾರಿನ ಮೇಲೆ ಯಂತ್ರ ವಾಲಿ ನಿಂತರೆ ‘ಅದು ಅಲ್ಲಿದೆ ಅಂತ ಅಂದುಕೊಳ್ಳೋಣ’ ಎಂದು ಗುರುತಿಗೊಂದು ದಾಳ ಇಟ್ಟು, ಮಾಡೆಲ್ಲನ್ನು ಸಮನೆಲದ ಮೇಲಿಡಿ. ರೆಸಿನ್ ಬಿದ್ದರೆ ಪ್ಲಾಸ್ಟಿಕ್‌ನಂತೆ ಬಾಗುವುದಿಲ್ಲ, ಗಾಜಿನಂತೆ ಮುರಿಯುತ್ತದೆ. ಯಾರ ಮಾಡೆಲ್ಲನ್ನೇ ಆಗಲಿ ಕೇಳದೆ ಎತ್ತಬಾರದು ಅನ್ನುವುದು ಹಳೆಯ ಮರ್ಯಾದೆ; ಎತ್ತಬೇಕಾಗಿ ಬಂದರೆ ಬೇಸ್ ಹಿಡಿದು, ಎರಡೂ ಕೈಯಲ್ಲಿ. ಇಷ್ಟೆಲ್ಲ ಜಾಗ್ರತೆಯ ಮೇಲೂ ಒಂದು ಸೂಪರ್‌ಗ್ಲೂ ಟ್ಯೂಬ್ ಪೆಟ್ಟಿಗೆಯಲ್ಲಿರಲಿ.

ಟೂರ್ನಮೆಂಟ್‌ನ ಕಥೆ ಬೇರೆ, ಅಲ್ಲಿ ಇಷ್ಟು ಮಾತು ಬೇಕಿಲ್ಲ. ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅಂತ ಆಯೋಜಕರು ಮೊದಲೇ ಬರೆದು ಕೊಟ್ಟಿರುತ್ತಾರೆ, ಅಲ್ಲಿಗೆ ಬರುವವರು ಕೆಟ್ಟದ್ದಕ್ಕೆಲ್ಲ ಸಿದ್ಧರಾಗಿಯೇ ಬರುತ್ತಾರೆ. ಒಂದನ್ನು ಮಾತ್ರ ನೋಡಿಕೊಳ್ಳಿ. ನಿಮ್ಮ ಯಂತ್ರ ಈಗ ‘ಲೆಜೆಂಡ್ಸ್’ ಪಟ್ಟಿಗೆ ಸೇರಿರಬಹುದು. ತಯಾರಿಕೆ ನಿಂತ ಮಾಡೆಲ್‌ಗಳು ಕಪಾಟಿನಲ್ಲಿ ಕೊಳೆಯದಿರಲಿ ಅಂತ ಕಂಪನಿ ಅವುಗಳಿಗೆ ನಿಯಮ ಉಳಿಸಿಕೊಡುವ ಪಟ್ಟಿ ಅದು. 2023ರ 10ನೇ ಆವೃತ್ತಿಯ ಹೊತ್ತಿಗೆ ಫೋರ್ಜ್ ವರ್ಲ್ಡ್‌ನ ಹಳೆಯ ಯಂತ್ರಗಳು ಸಾಕಷ್ಟು ಅಲ್ಲಿಗೆ ಹೋದವು. ಗೆಳೆಯರ ಆಟಕ್ಕೆ ಅಡ್ಡಿಯಿಲ್ಲ, ಟೂರ್ನಮೆಂಟ್‌ಗೆ ಬೇಡ ಅಂತ ಕಂಪನಿಯೇ ಹೇಳುತ್ತದೆ. ಅದರ ಪಾಯಿಂಟ್ಸ್ ಬೇರೆ ಮಾಡೆಲ್‌ಗಳದ್ದರ ಹಾಗೆ ಆಗಾಗ ತಿದ್ದುಪಡಿ ಆಗುವುದೂ ಇಲ್ಲ. ‘ಪಾಯಿಂಟ್ಸ್ ಲೆಕ್ಕ ಸರಿ’ ಅನ್ನುವ ನಿಮ್ಮ ಸಮರ್ಥನೆ ಅಲ್ಲಿ ಸ್ವಲ್ಪ ಸಡಿಲ.

ಇದು ಕಲ್ಪನಾಲೋಕದ ಆಟಗಳ ರೋಗ ಮಾತ್ರ ಅಂದುಕೊಳ್ಳಬೇಡಿ. ಬೋಲ್ಟ್ ಆ್ಯಕ್ಷನ್‌ನಂಥ ಎರಡನೇ ಮಹಾಯುದ್ಧದ ಆಟದಲ್ಲಿ ಹೆಸರು ಬೇರೆ, ಜಗಳ ಅದೇ. ಜರ್ಮನಿಯ ಕಿಂಗ್ ಟೈಗರ್ ಟ್ಯಾಂಕ್ ಇಡೀ ಯುದ್ಧದಲ್ಲಿ ತಯಾರಾದದ್ದು 500ಕ್ಕೂ ಕಡಿಮೆ, ಅಮೆರಿಕದ ಶೆರ್ಮನ್‌ಗಳು 49,000ಕ್ಕೂ ಹೆಚ್ಚು. ಆಟದ ಮೇಜುಗಳನ್ನು ನೋಡಿ ಇತಿಹಾಸ ಬರೆದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಅಲ್ಲಿಯೂ ಮೊದಲ ಪ್ರಶ್ನೆ ‘ಯಾವ ವರ್ಷ, ಯಾವ ರಣರಂಗ?’ ಅನ್ನುವುದೇ. 1940ರ ಫ್ರಾನ್ಸ್ ಅಂತ ಮಾತಾಗಿದ್ದರೆ ಕಿಂಗ್ ಟೈಗರ್ ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದ್ದರೂ ಮನೆಯಲ್ಲೇ ಇರಬೇಕು. ಈ ಜಗಳ ಹವ್ಯಾಸದಷ್ಟೇ ಹಳೆಯದು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ಪ್ರಕಟಿಸಿದ ಆಟಿಕೆ ಸೈನಿಕರ ಆಟದ ನಿಯಮಗಳಲ್ಲಿ, ಫಿರಂಗಿಯ ಆರು ಇಂಚಿನೊಳಗೆ ಅದೇ ಪಕ್ಷದ ನಾಲ್ವರಾದರೂ ಇಲ್ಲದಿದ್ದರೆ ಅದನ್ನು ಹಾರಿಸುವಂತೆಯೂ ಇಲ್ಲ, ಸರಿಸುವಂತೆಯೂ ಇಲ್ಲ. ಮೇಜಿನ ಮೇಲಿನ ಅತಿ ಬಲವಾದ ಆಯುಧಕ್ಕೆ ಕಾಲಿಗೊಂದು ಹಗ್ಗ ಕಟ್ಟದೆ ಬಿಡಬಾರದು ಅಂತ ಅವರಿಗೆ ಆಗಲೇ ಹೊಳೆದಿತ್ತು.

ನಿಮ್ಮ ಎರಡನೇ ಪ್ರಶ್ನೆ, ಪ್ರಿಂಟ್ ಮಾಡಿದ ಮಾಡೆಲ್‌ಗಳು. ಗೆಳೆಯರ ಮೇಜಿನಲ್ಲಿ ಅದು ಎಲ್ಲಿ ತಯಾರಾಯಿತು ಅನ್ನುವುದು ನನಗೆ ಮುಖ್ಯವಲ್ಲ. ಕಂಪನಿಯೇ ನಡೆಸುವ ಅಂಗಡಿ, ಟೂರ್ನಮೆಂಟ್‌ಗಳಲ್ಲಿ ಅವರದೇ ಮಾಡೆಲ್ ಇರಬೇಕು ಅನ್ನುತ್ತಾರೆ, ಅದು ಅವರ ಮನೆ. ಮಿಕ್ಕ ಕಡೆ ನಾನು ನೋಡುವುದು ಅಳತೆ. ಈ ಆಟದಲ್ಲಿ ಮಾಡೆಲ್‌ನ ಕಣ್ಣಿನ ಮಟ್ಟಕ್ಕೆ ಬಗ್ಗಿ ‘ಕಾಣುತ್ತಾ?’ ಅಂತ ನೋಡುತ್ತೇವಲ್ಲ. ಮಂಡಿಯೂರಿ ಕೂತ ಭಂಗಿಯಲ್ಲಿ ಪ್ರಿಂಟ್ ಮಾಡಿದ ಯಂತ್ರ ಗೋಡೆಯ ಹಿಂದೆ ಪೂರ್ತಿ ಮರೆಯಾಗುತ್ತದೆ, ಅಸಲಿಯ ತಲೆ ಮೇಲೆ ಕಾಣುತ್ತಿರುತ್ತದೆ. ಬೇಸ್ 40 ಮಿ.ಮೀ. ಇರಬೇಕಾದಲ್ಲಿ 32 ಮಿ.ಮೀ. ಆದರೆ ಕಿರಿದಾದ ಸಂದಿಯಲ್ಲಿ ಹೆಚ್ಚು ಮಂದಿ ತೂರಿಕೊಂಡು ಏಟು ಕೊಡಬಹುದು. ಮಾಡಿದವರಿಗೆ ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ, ಚೆಂದದ ಭಂಗಿ ಅಂತ ಮಾಡಿರುತ್ತಾರೆ. ಅದಕ್ಕೆ ಮದ್ದು ಸರಳ: ಬೇಸ್ ಅಸಲಿಯಷ್ಟೇ ಇರಲಿ, ಎತ್ತರದಲ್ಲಿ ವ್ಯತ್ಯಾಸವಿದ್ದರೆ ಲಾಭ ಎದುರಾಳಿಗೆ ಹೋಗಲಿ. ‘ಅನುಮಾನ ಇದ್ದರೆ ಕಾಣುತ್ತೆ ಅಂತಲೇ ಇಟ್ಕೋ’ ಅಂದುಬಿಟ್ಟರೆ ಯಾರೂ ಟೇಪ್ ಹಿಡಿದು ಬರುವುದಿಲ್ಲ.

ಒಂದರ ಬದಲಿಗೆ ಇನ್ನೊಂದನ್ನು ನಿಲ್ಲಿಸುವ ಪ್ರಾಕ್ಸಿಯ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಕೊಳ್ಳುವ ಮೊದಲು ಒಂದೆರಡು ಸಲ ಆಡಿಸಿ ನೋಡಲು ಖಾಲಿ ಡಬ್ಬಿ ನಿಲ್ಲಿಸಿದರೂ ಬೇಸರವಿಲ್ಲ, ದುಬಾರಿ ಹವ್ಯಾಸ ಇದು. ಆದರೆ ಪಡೆಯಲ್ಲಿ ಒಂದು ಪ್ರಾಕ್ಸಿ ನೆನಪಿರುತ್ತದೆ, ಎರಡು ಕಷ್ಟ, ಮೂರಾದರೆ ಎದುರಾಳಿ ಯುದ್ಧ ಮಾಡುವುದು ಬಿಟ್ಟು ಬಾಯಿಪಾಠ ಮಾಡುತ್ತಿರುತ್ತಾನೆ. ‘ಕೆಂಪು ಭುಜದವರ ಗನ್ ಅದು, ನೀಲಿಯವರದ್ದು ಇದು, ಈ ನೀಲಿಯವನೊಬ್ಬ ಮಾತ್ರ ಅದಲ್ಲ’ ಅಂತ ಶುರುವಾದರೆ ನಾನು ಕಾಫಿಗೆ ಎದ್ದುಬಿಡುತ್ತೇನೆ. ಗನ್ ಬದಲಾಯಿಸುವ ಆಸೆ ಇರುವವರು ತೋಳಿನ ಬುಡಕ್ಕೆ ಪುಟ್ಟ ಮ್ಯಾಗ್ನೆಟ್ ಕೂರಿಸಿಕೊಳ್ಳಲಿ. ಒಂದು ಸಂಜೆಯ ಕೆಲಸ; ಡ್ರಿಲ್ ಮಾಡುವಾಗ ರೆಸಿನ್ ಧೂಳು ಎದೆಗೆ ಹೋಗದಂತೆ ಮಾಸ್ಕ್ ಇರಲಿ, ಅಂಟು ಹಾಕುವ ಮೊದಲು ಧ್ರುವ ಸರಿಯಿದೆಯಾ ನೋಡಿಕೊಳ್ಳಿ. ನನ್ನ ಬಳಿ ಎಡಗೈಯನ್ನು ಮಾರು ದೂರ ತಳ್ಳುವ ಯಂತ್ರವೊಂದಿದೆ.

ಇಷ್ಟೂ ನಿಮ್ಮ ಕಡೆಯದ್ದೇ ಆಯಿತು, ಎದುರಿನವರಿಗೂ ಒಂದಿಷ್ಟು ಹೊಣೆ ಇದೆ. ಮುಂಚೆಯೇ ತಿಳಿಸಿದ್ದರೂ, ಹಾಳೆ ಕಳಿಸಿದ್ದರೂ ಓದದೆ ಬಂದು ಮುಖ ಊದಿಸಿಕೊಂಡರೆ ಅದಕ್ಕೆ ನೀವು ಜವಾಬ್ದಾರರಲ್ಲ. ತನ್ನ ಬಳಿ ಇಲ್ಲದ್ದೆಲ್ಲವೂ ಅನ್ಯಾಯ ಅನ್ನುವವರಿದ್ದಾರೆ. ಅವರಿಗೆ ಇವತ್ತು ರೆಸಿನ್ ಯಂತ್ರ ಬೇಡ, ನಾಳೆ ವಿಮಾನ ಬೇಡ, ನಾಡಿದ್ದು ಆ ಹೆಸರಿನ ಸೇನಾನಿ ಬೇಡ. ಎರಡು ಸಲ ಒಪ್ಪಿಕೊಳ್ಳಿ. ಮೂರನೇ ಸಲ, ‘ಸರಿ, ನಿನ್ನ ಲಿಸ್ಟ್‌ನಿಂದ ಏನು ತೆಗೀತೀಯ?’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ನಿಮ್ಮ ಗೆಳೆಯ ಅಂಥವನಲ್ಲ ಅಂತ ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅಂಥವನಾಗಿದ್ದರೆ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ.

ಅವನಿಗೆ ಈ ವಾರವೇ ಒಂದು ಮಾತು ಹೇಳಿ. ಉದ್ದದ ಕ್ಷಮೆ ಬೇಕಿಲ್ಲ. ‘ಅವತ್ತು ಹೇಳದೆ ತಂದುಬಿಟ್ಟೆ, ನಿನಗೆ ಹೊಡೆಯೋಕೆ ಏನೂ ಇರಲಿಲ್ಲ’ ಅಂದರೆ ಸಾಕು. ಆಮೇಲೆ ಸೇನೆ ಅದಲುಬದಲು ಮಾಡಿಕೊಂಡು ಒಂದು ಆಟ ಆಡಿ: ಯಂತ್ರ ಅವನ ಕೈಗೆ, ಅವನ ಸಿಪಾಯಿಗಳು ನಿಮ್ಮ ಕೈಗೆ. ಮೇಲೆ ಹೇಳಿದ ಹಿರಿಯರ ಜೊತೆ ನಾನು ಮಾಡಿದ್ದು ಇದನ್ನೇ. ಎರಡನೇ ಸುತ್ತು ಮುಗಿಯುವ ಹೊತ್ತಿಗೆ ನನ್ನ ನೈಟ್ ಅವರ ಕೈಯಲ್ಲಿ ನನ್ನ ಸಾಲುಗಳನ್ನು ತುಳಿದು ಆ ಕಡೆ ದಾಟಿತ್ತು. ನಾನು ಲಾಸ್‌ಗನ್‌ಗಳ ದಾಳ ಬೊಗಸೆಯಲ್ಲಿ ತುಂಬಿಕೊಂಡು 6ಕ್ಕಾಗಿ ದೇವರನ್ನು ಬೇಡುತ್ತಿದ್ದೆ. ಅವರು ಪೆನ್ಸಿಲ್ ತೆಗೆದು ನನ್ನ ಮುಂದಿಟ್ಟರು.